ಕೋಶಪೊರೆ: ಲಿಪಿಡ್ ಮತ್ತು ಪ್ರೋಟೀನುಗಳ ರಚನೆ, ಕಾರ್ಯ

ಜೀವಕೋಶದ ಒಳಗನ್ನು ಹೊರಗಿನಿಂದ ಬೇರ್ಪಡಿಸುವ, ಲಿಪಿಡ್ ಮತ್ತು ಪ್ರೋಟೀನುಗಳಿಂದಾದ ತೆಳುಹೊದಿಕೆಗೆ ಕೋಶಪೊರೆ ಎಂದು ಹೆಸರು. ಇದರ ದಪ್ಪ ಸುಮಾರು 5ರಿಂದ 8 ನ್ಯಾನೊಮೀಟರ್. ಹತ್ತು ಸಾವಿರ ಪೊರೆಗಳನ್ನು ಒಂದರ ಮೇಲೊಂದು ಪೇರಿಸಿದರೆ ನೋಟುಬುಕ್ಕಿನ ಒಂದು ಹಾಳೆಯ ದಪ್ಪ ಬಂದೀತು. ಬ್ಯಾಕ್ಟೀರಿಯದಿಂದ ಹಿಡಿದು ಮನುಷ್ಯನ ನರಕೋಶದವರೆಗೆ ಪೊರೆಯಿಲ್ಲದ ಜೀವಕೋಶವಿಲ್ಲ. ಸಸ್ಯ, ಪ್ರಾಣಿಗಳ ಕೋಶಗಳಲ್ಲಿ ಹೊರಪೊರೆಯಲ್ಲದೆ ಕೋಶಕೇಂದ್ರ, ಮೈಟೋಕಾಂಡ್ರಿಯ ಮೊದಲಾದವುಗಳ ಸುತ್ತಲೂ ಪೊರೆಗಳಿವೆ. ಶಾಲೆಯ ಪುಸ್ತಕಗಳು ಪೊರೆಯನ್ನು ಬೇಲಿಗೋ ಗೋಡೆಗೋ ಹೋಲಿಸುತ್ತವೆ. ಹೋಲಿಕೆ ಅರ್ಧ ಮಾತ್ರ ಸರಿ. ಪೊರೆಯ ಅಣುಗಳು ಕ್ಷಣಕ್ಷಣಕ್ಕೂ ಜಾಗ ಬದಲಿಸುತ್ತವೆ. ಯಾವುದು ಎಲ್ಲಿರಬೇಕು ಎಂಬುದನ್ನು ಕೋಶ ಶಕ್ತಿ ಖರ್ಚು ಮಾಡಿ ಗೊತ್ತುಪಡಿಸುತ್ತದೆ. ಈ ಎರಡನೆಯ ಸಂಗತಿ ಸ್ಪಷ್ಟವಾದದ್ದು ಕಳೆದ ಮೂರು ದಶಕಗಳಲ್ಲಿ. ಅದರಲ್ಲಿ ಬೆಂಗಳೂರಿನ ಪಾಲು ದೊಡ್ಡದು.

ಬೆಣ್ಣೆಗೊಂದು ಪಾಲು, ಮಜ್ಜಿಗೆಗೊಂದು ಪಾಲು

ಮೂಡಲಗಿ ತಾಲ್ಲೂಕಿನ ಕುಲಗೋಡ ಶ್ರೀಕೃಷ್ಣ ಪಾರಿಜಾತ ಬಯಲಾಟದ ಕವಿ ತಮ್ಮಣ್ಣನಿಂದ ಹೆಸರಾದ ಊರು. ಜೀವರಸಾಯನದ ಪುಸ್ತಕದಲ್ಲಿ ಅದರ ಹೆಸರು ಬರುವ ಸಂಭವ ಕಡಿಮೆ. ಆದರೂ ಪೊರೆಯ ವಿಚಾರ ತಿಳಿಯಲು ಅಲ್ಲಿನ, ಎಮ್ಮೆ ಕಟ್ಟಿದ ಯಾವ ಮನೆಯ ಅಡುಗೆ ಒಲೆಯಾದರೂ ಸಾಕು.

ಹಾಲಿನ ಕೊಬ್ಬು ಹಾಲಿನಲ್ಲಿ ಎಣ್ಣೆಯಂತೆ ತೇಲುವುದಿಲ್ಲ; ಕೆಲವು ಮೈಕ್ರೊಮೀಟರ್ ಅಗಲದ ಸಣ್ಣ ಗುಂಡುಗಳಾಗಿ ಹರಡಿರುತ್ತದೆ. ಪ್ರತಿ ಗುಂಡಿನ ಸುತ್ತ ಒಂದು ಪೊರೆಯಿದೆ. ಕೆಚ್ಚಲಿನ ಕೋಶದ ಒಳಗೆ ಕೊಬ್ಬಿನ ಹನಿ ಹುಟ್ಟುವಾಗ ಅದಕ್ಕೆ ಒಂದು ಪದರ ಹೊದಿಕೆ ಬರುತ್ತದೆ. ಹನಿ ಕೋಶದಿಂದ ಹೊರಬೀಳುವಾಗ ಆ ಕೋಶದ ಹೊರಪೊರೆಯ ಒಂದು ತುಣುಕನ್ನೇ ಸುತ್ತಿಕೊಂಡು ಬರುತ್ತದೆ. ಹೊರಪೊರೆಯೇ ಎರಡು ಪದರದ್ದಾದ್ದರಿಂದ ಒಟ್ಟು ಮೂರು ಪದರ. ಮೊಸರನ್ನು ಕಡೆಗೋಲಿನಿಂದ ಕಡೆದಾಗ ಈ ಹೊದಿಕೆ ಹರಿದು, ಒಳಗಿನ ಕೊಬ್ಬು ಒಂದಕ್ಕೊಂದು ಕೂಡಿ ಬೆಣ್ಣೆಯಾಗುತ್ತದೆ. ಹರಿದ ಪೊರೆಯ ಚೂರುಗಳಲ್ಲಿ ಹೆಚ್ಚಿನವು ಮಜ್ಜಿಗೆಯಲ್ಲಿ ಉಳಿಯುತ್ತವೆ. ಬೆಣ್ಣೆಗೆ ಅಂಟಿ ಬಂದ ಅಷ್ಟಿಷ್ಟೂ ತುಪ್ಪ ಕಾಸುವಾಗ ಪಾತ್ರೆಯ ತಳದ ಗಸಿಗೆ ಸೇರುತ್ತದೆ.

ಮನೆಯ ಈ ಕೆಲಸ ಲಿಪಿಡ್‌ಗಳ ಎರಡು ಬಗೆಯನ್ನು ಬೇರ್ಪಡಿಸಿ ತೋರಿಸುತ್ತದೆ. ತುಪ್ಪದಲ್ಲಿರುವುದು ಬಹುತೇಕ ಟ್ರೈಗ್ಲಿಸರೈಡ್: ಗ್ಲಿಸರಾಲ್ ಎಂಬ ಸಣ್ಣ ಅಣುವಿಗೆ ಮೂರು ಕೊಬ್ಬಿನಾಮ್ಲಗಳ ಬಾಲ. ಅದು ಕೂಡಿಟ್ಟ ಇಂಧನ, ಪೊರೆ ಕಟ್ಟಲು ಬಾರದು. ಮಜ್ಜಿಗೆಯ ಪಾಲಿಗೆ ಬಂದದ್ದು ಫಾಸ್ಫೋಲಿಪಿಡ್: ಅದೇ ಗ್ಲಿಸರಾಲ್, ಆದರೆ ಬಾಲ ಎರಡೇ, ಮೂರನೆಯ ಜಾಗದಲ್ಲಿ ರಂಜಕವಿರುವ, ವಿದ್ಯುದಂಶ ಹೊತ್ತ ತಲೆ. ತಲೆಗೆ ನೀರು ಬೇಕು, ಬಾಲಕ್ಕೆ ನೀರು ಬೇಡ. ಪೊರೆಯ ಕಥೆಯೆಲ್ಲ ಈ ಬೇಕು ಬೇಡಗಳಿಂದ ಹುಟ್ಟುತ್ತದೆ.

ಲಿಪಿಡ್‌ಗಳು

ಫಾಸ್ಫೋಲಿಪಿಡ್‌ಗಳನ್ನು ನೀರಿಗೆ ಹಾಕಿದರೆ ಅವು ಯಾರ ಸಹಾಯವೂ ಇಲ್ಲದೆ ಎರಡು ಪದರವಾಗಿ ಜೋಡಿಕೊಳ್ಳುತ್ತವೆ. ತಲೆಗಳು ಎರಡೂ ಬದಿಯ ನೀರಿನ ಕಡೆ, ಬಾಲಗಳು ನಡುವೆ, ಎದುರುಬದುರು. ಬಾಲಗಳ ನಡುವೆ ದೊಡ್ಡ ಆಕರ್ಷಣೆಯೇನೂ ಇದಕ್ಕೆ ಕಾರಣವಲ್ಲ. ನೀರಿನ ಅಣುಗಳು ತಮ್ಮತಮ್ಮಲ್ಲೇ ಕೈ ಹಿಡಿದುಕೊಳ್ಳುವ ಸ್ವಭಾವದವು. ನಡುವೆ ಎಣ್ಣೆಯ ಬಾಲ ಬಂದರೆ ಅದರ ಸುತ್ತ ಬಿಗಿಯಾಗಿ ಸಾಲುಗಟ್ಟಬೇಕಾಗುತ್ತದೆ. ಬಾಲಗಳನ್ನು ಒಂದೆಡೆ ತಳ್ಳಿಬಿಟ್ಟರೆ ನೀರು ಸಡಿಲಗೊಳ್ಳುತ್ತದೆ. ಪೊರೆಯನ್ನು ಹಿಡಿದಿಟ್ಟಿರುವುದು ನೀರು ಎಂದರೂ ತಪ್ಪಲ್ಲ. ಇದೇ ಕಾರಣಕ್ಕೆ ಪೊರೆಯಲ್ಲಿ ಸಣ್ಣ ತೂತು ಬಿದ್ದರೆ ತಾನೇ ಮುಚ್ಚಿಕೊಳ್ಳುತ್ತದೆ. ತೆರೆದ ಅಂಚು ಉಳಿದರೆ ಬಾಲಗಳಿಗೆ ನೀರು ತಾಗುತ್ತದೆ.

ಪೊರೆ ಎಷ್ಟು ಮೆತ್ತಗೆ, ಎಷ್ಟು ಬಿಗಿ ಎಂಬುದು ಬಾಲಗಳ ಮೇಲೆ ನಿಂತಿದೆ. ಚಳಿಗಾಲದ ಬೆಳಿಗ್ಗೆ ಗೋಕಾಕ ಸೀಮೆಯ ಅಡುಗೆಮನೆಯಲ್ಲಿ ತುಪ್ಪ ಗಟ್ಟಿಯಾಗಿರುತ್ತದೆ, ಪಕ್ಕದ ಕುಸುಬಿ ಎಣ್ಣೆ ತೆಳ್ಳಗೇ ಇರುತ್ತದೆ. ತುಪ್ಪದಲ್ಲಿ ನೇರ ಬಾಲದ ಪರ್ಯಾಪ್ತ ಆಮ್ಲಗಳು ಹೆಚ್ಚು. ಕಟ್ಟಿಗೆಯಂತೆ ಒತ್ತೊತ್ತಾಗಿ ಕೂರುತ್ತವೆ. ಕುಸುಬಿಯ ಸಾಂಪ್ರದಾಯಿಕ ತಳಿಗಳ ಎಣ್ಣೆಯಲ್ಲಿ ನಾಲ್ಕರಲ್ಲಿ ಮೂರು ಪಾಲು ಲಿನೋಲಿಕ್ ಆಮ್ಲ. ಅದರ ಬಾಲದಲ್ಲಿ ಎರಡು ಕಡೆ ಬಾಗು. ಅಗಸಿಯ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಲಿನೋಲೆನಿಕ್ ಆಮ್ಲ. ಅದಕ್ಕೆ ಮೂರು ಬಾಗು. ಹದಿನೆಂಟು ಇಂಗಾಲದ ಬಾಲ ನೇರವಾಗಿದ್ದರೆ ಕರಗುವುದು 69 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಒಂದು ಬಾಗು ಬಂದರೆ 13 ಡಿಗ್ರಿ, ಎರಡಾದರೆ ಸೊನ್ನೆಗಿಂತ 5 ಡಿಗ್ರಿ ಕೆಳಗೆ, ಮೂರಾದರೆ 11 ಡಿಗ್ರಿ ಕೆಳಗೆ. ಜೀವಿಗಳು ಈ ಲೆಕ್ಕವನ್ನು ದಿನವೂ ಬಳಸುತ್ತವೆ. ತಣ್ಣೀರಿನ ಮೀನು, ಚಳಿಗೆ ಹೊಂದಿಕೊಂಡ ಬೆಳೆ, ಶೈತ್ಯದಲ್ಲಿ ಬೆಳೆಸಿದ ಬ್ಯಾಕ್ಟೀರಿಯ ಎಲ್ಲವೂ ತಮ್ಮ ಪೊರೆಯಲ್ಲಿ ಬಾಗಿದ ಬಾಲಗಳ ಪಾಲು ಹೆಚ್ಚಿಸಿಕೊಳ್ಳುತ್ತವೆ. ಅಗಸಿ ಹಿಂಡಿ ತಿಂದವರ ಪೊರೆಗಳಿಗೂ ಆ ಆಮ್ಲದ ಒಂದಂಶ ಸೇರುತ್ತದೆ, ಏಕೆಂದರೆ ಲಿನೋಲಿಕ್, ಲಿನೋಲೆನಿಕ್ ಎರಡನ್ನೂ ಮನುಷ್ಯದೇಹ ತಾನಾಗಿ ತಯಾರಿಸಲಾರದು.

ಕೊಲೆಸ್ಟರಾಲ್‌ಗೆ ಪತ್ರಿಕೆಗಳಲ್ಲಿ ಬಂದಿರುವ ಕೆಟ್ಟ ಹೆಸರು ಪೊರೆಯ ಮಟ್ಟಿಗೆ ಅನ್ಯಾಯ. ಪ್ರಾಣಿಕೋಶದ ಹೊರಪೊರೆಯ ಲಿಪಿಡ್ ಅಣುಗಳಲ್ಲಿ ಮೂರನೆಯ ಒಂದು ಭಾಗದಿಂದ ಅರ್ಧದಷ್ಟು ಇದೇ. ಚಪ್ಪಟೆಯಾದ, ಬಾಗದ ಅಣು ಇದು. ಬಾಲಗಳ ಸಂದಿಯಲ್ಲಿ ನುಸುಳಿ, ಸೆಕೆಯಲ್ಲಿ ಪೊರೆ ಸೋರದಂತೆ ಬಿಗಿ ಮಾಡುತ್ತದೆ, ಚಳಿಯಲ್ಲಿ ಗಟ್ಟಿಗಟ್ಟದಂತೆ ಸಡಿಲಿಸುತ್ತದೆ. ಸಸ್ಯಗಳಲ್ಲಿ ಈ ಕೆಲಸ ಸಿಟೊಸ್ಟೆರಾಲ್‌ನಂಥ ಬಂಧುಗಳದ್ದು. ಮೈಟೋಕಾಂಡ್ರಿಯದ ಒಳಪೊರೆಯಲ್ಲಿ ಕೊಲೆಸ್ಟರಾಲ್ ಹೆಚ್ಚುಕಡಿಮೆ ಇಲ್ಲವೇ ಇಲ್ಲ.

ಸಸ್ಯಪೊರೆಗಳಲ್ಲಿ ರೈತರಿಗೆ ಹತ್ತಿರದ ಇನ್ನೊಂದು ಸಂಗತಿಯಿದೆ. ಎಲೆಯ ಕ್ಲೋರೋಪ್ಲಾಸ್ಟಿನ ಪೊರೆಗಳಲ್ಲಿ ಫಾಸ್ಫೋಲಿಪಿಡ್ ಕಡಿಮೆ, ಗ್ಯಾಲಕ್ಟೋಸ್ ಸಕ್ಕರೆ ತಲೆಗಟ್ಟಿದ ಲಿಪಿಡ್‌ಗಳೇ ಹೆಚ್ಚು. ಮಣ್ಣಿನಲ್ಲಿ ರಂಜಕ ಸಾಲದಾದಾಗ ಗಿಡ ಬೇರೆ ಪೊರೆಗಳಲ್ಲಿದ್ದ ಫಾಸ್ಫೋಲಿಪಿಡ್‌ಗಳನ್ನೂ ಒಡೆದು, ರಂಜಕ ಉಳಿಸಿಕೊಂಡು, ಆ ಜಾಗಕ್ಕೆ ಸಕ್ಕರೆಯ ಲಿಪಿಡ್ ತುಂಬುತ್ತದೆ. ಡಿಎಪಿ ಗೊಬ್ಬರ ಸಿಗದ ವರ್ಷ ಗಿಡ ಮಾಡಿಕೊಳ್ಳುವ ಮನೆಖರ್ಚಿನ ಹೊಂದಾಣಿಕೆ ಇದು.

ಪೊರೆಯ ಎರಡು ಪದರಗಳು ಒಂದೇ ತೆರನಲ್ಲ. ಪ್ರಾಣಿಕೋಶದಲ್ಲಿ ಫಾಸ್ಫಾಟಿಡೈಲ್ ಕೋಲಿನ್, ಸ್ಫಿಂಗೋಮೈಲಿನ್ ಮುಖ್ಯವಾಗಿ ಹೊರಪದರದಲ್ಲಿ. ಫಾಸ್ಫಾಟಿಡೈಲ್ ಸೆರಿನ್ ಒಳಪದರದಲ್ಲಿ. ಅಣು ತನ್ನ ಪದರದೊಳಗೆ ಓಡಾಡಲು ತಡವಿಲ್ಲ, ಒಂದು ಸೆಕೆಂಡಿನಲ್ಲಿ ಒಂದೆರಡು ಮೈಕ್ರೊಮೀಟರ್ ದೂರ ಹೋಗಬಲ್ಲದು. ಒಂದು ಪದರದಿಂದ ಇನ್ನೊಂದಕ್ಕೆ ಮಗುಚಿ ಬೀಳಲು ಮಾತ್ರ ತಾಸುಗಳೋ ದಿನಗಳೋ ಬೇಕು, ಏಕೆಂದರೆ ನೀರು ಬಯಸುವ ತಲೆ ನಡುವಿನ ಎಣ್ಣೆಯನ್ನು ದಾಟಬೇಕು. ಹಾಗೆ ಮಗುಚುವ ಕೆಲಸಕ್ಕೆಂದೇ ಶಕ್ತಿ ಬಳಸುವ ಪ್ರೋಟೀನುಗಳಿವೆ. ಸಾಯುವ ಕೋಶದಲ್ಲಿ ಈ ಏರ್ಪಾಟು ಕುಸಿದು ಫಾಸ್ಫಾಟಿಡೈಲ್ ಸೆರಿನ್ ಹೊರಮುಖಕ್ಕೆ ಬರುತ್ತದೆ. ಅದನ್ನು ಕಂಡ ಭಕ್ಷಕ ಕೋಶಗಳು ಬಂದು ಹೆಣ ಎತ್ತುತ್ತವೆ. ಗಾಯವಾದಾಗ ರಕ್ತದ ಪ್ಲೇಟ್‌ಲೆಟ್‌ಗಳೂ ಇದನ್ನೇ ಹೊರಗೆ ತಿರುವುತ್ತವೆ. ರಕ್ತ ಹೆಪ್ಪುಗಟ್ಟುವ ಕಿಣ್ವಗಳು ಅದರ ಮೇಲೆ ಕೂತು ಕೆಲಸ ಶುರುಮಾಡುತ್ತವೆ.

ತಿಳಿದುಬಂದ ಬಗೆ

ಪೊರೆಯನ್ನು ಕಣ್ಣಾರೆ ಕಾಣುವ ಮೊದಲೇ ಅದು ಎಣ್ಣೆಯದೆಂದು ಊಹಿಸಿದವನು ಅರ್ನೆಸ್ಟ್ ಓವರ್ಟನ್. 1890ರ ದಶಕದಲ್ಲಿ ನೂರಾರು ವಸ್ತುಗಳನ್ನು ಪರೀಕ್ಷಿಸಿ, ಎಣ್ಣೆಯಲ್ಲಿ ಚೆನ್ನಾಗಿ ಕರಗುವುದು ಕೋಶದೊಳಗೂ ಬೇಗ ಹೋಗುತ್ತದೆ ಎಂದು ಕಂಡುಕೊಂಡ. ಅದೇ ಕಾಲಕ್ಕೆ ಜರ್ಮನಿಯ ಆಗ್ನೆಸ್ ಪೋಕೆಲ್ಸ್ ತನ್ನ ಅಡುಗೆಮನೆಯಲ್ಲಿ ನೀರಿನ ಮೇಲೆ ಹರಡುವ ಎಣ್ಣೆಯ ಪದರವನ್ನು ಅಳೆಯುತ್ತಿದ್ದಳು. ಅವಳ ಪತ್ರ 1891ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅಚ್ಚಾಯಿತು. ಆ ಅಳತೆಯ ವಿಧಾನ ಬೆಳೆದು ಮುಂದೆ ಲೈಡನ್ ನಗರದ ಗೋರ್ಟರ್ ಮತ್ತು ಗ್ರೆಂಡೆಲ್ ಅವರ ಕೈಗೆ ಬಂತು.

1925ರ ಅವರ ಪ್ರಯೋಗ ಸರಳ. ಕೆಂಪು ರಕ್ತಕಣಗಳ ಲಿಪಿಡ್ಡನ್ನೆಲ್ಲ ಅಸಿಟೋನಿನಿಂದ ತೆಗೆದು ನೀರಿನ ಮೇಲೆ ಒಂದೇ ಪದರವಾಗಿ ಹರಡಿ, ಅದರ ವಿಸ್ತಾರವನ್ನು ಕಣಗಳ ಮೈಯ ವಿಸ್ತಾರಕ್ಕೆ ಹೋಲಿಸಿದರು. ಲಿಪಿಡ್‌ನ ವಿಸ್ತಾರ ಎರಡು ಪಟ್ಟು ಬಂತು. ಅಂದರೆ ಪೊರೆಯಲ್ಲಿ ಎರಡು ಪದರ. ತೀರ್ಮಾನ ಸರಿ, ಲೆಕ್ಕದಲ್ಲಿ ಎರಡು ತಪ್ಪು. ಅಸಿಟೋನ್ ಪೂರ್ತಿ ಲಿಪಿಡ್ಡನ್ನು ಎಳೆದಿರಲಿಲ್ಲ. ಒಣಗಿಸಿ ಅಳೆದ ಕಣಗಳ ವಿಸ್ತಾರವೂ ಇದ್ದದ್ದಕ್ಕಿಂತ ಕಡಿಮೆ ಬಂದಿತ್ತು. ಎರಡು ತಪ್ಪುಗಳು ಒಂದನ್ನೊಂದು ಹೊಡೆದುಹಾಕಿ ಸರಿಯುತ್ತರ ಕೊಟ್ಟವು. ವಿಜ್ಞಾನದ ಚರಿತ್ರೆಯಲ್ಲಿ ಇಂಥ ಅದೃಷ್ಟ ಎಲ್ಲರಿಗೂ ಒಲಿದದ್ದಿಲ್ಲ.

1935ರಲ್ಲಿ ಡೇನಿಯೆಲಿ ಮತ್ತು ಡಾವ್‌ಸನ್ ಲಿಪಿಡ್ಡಿನ ಎರಡೂ ಮೈಗೆ ಪ್ರೋಟೀನನ್ನು ಬಳಿದಂತೆ ಚಿತ್ರಿಸಿದರು. ಆ ಚಿತ್ರ ಮೂರು ದಶಕಕ್ಕೂ ಹೆಚ್ಚು ಕಾಲ ಬಾಳಿತು. ಅದನ್ನು ಅಲುಗಿಸಿದ ಪ್ರಯೋಗ 1970ರ ಫ್ರೈ ಮತ್ತು ಎಡಿಡಿನ್ ಅವರದ್ದು. ಇಲಿಯ ಕೋಶವನ್ನೂ ಮನುಷ್ಯನ ಕೋಶವನ್ನೂ ಬೆಸೆದು, ಎರಡರ ಮೇಲ್ಮೈ ಪ್ರೋಟೀನುಗಳಿಗೆ ಬೇರೆಬೇರೆ ಬಣ್ಣದ ಗುರುತು ಹಚ್ಚಿದರು. ಮೊದಲು ಅರ್ಧ ಒಂದು ಬಣ್ಣ, ಅರ್ಧ ಇನ್ನೊಂದು. 37 ಡಿಗ್ರಿಯಲ್ಲಿ ಸುಮಾರು 40 ನಿಮಿಷಕ್ಕೆ ಎರಡೂ ಪೂರ್ತಿ ಬೆರೆತವು. 15 ಡಿಗ್ರಿಗಿಂತ ಕೆಳಗೆ ಬೆರಕೆ ನಿಂತುಹೋಯಿತು. ಪ್ರೋಟೀನು ಲಿಪಿಡ್ಡಿನಲ್ಲಿ ತೇಲುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. 1972ರಲ್ಲಿ ಸಿಂಗರ್ ಮತ್ತು ನಿಕೋಲ್ಸನ್ ‘ಸೈನ್ಸ್’ ಪತ್ರಿಕೆಯಲ್ಲಿ ಮಂಡಿಸಿದ ದ್ರವ ಚಿತ್ತಾರ ಮಾದರಿ ಇಂದಿಗೂ ಪಠ್ಯಪುಸ್ತಕಗಳ ಮೂಲಚಿತ್ರ.

ಪ್ರೋಟೀನುಗಳು

ಯಾವುದೇ ಜೀವಿಯ ಜೀನುಗಳಲ್ಲಿ ನೂರಕ್ಕೆ ಇಪ್ಪತ್ತರಿಂದ ಮೂವತ್ತು ಪೊರೆಯ ಪ್ರೋಟೀನುಗಳಿಗೆ ಮೀಸಲು. ಪೊರೆಯಲ್ಲಿ ಅವುಗಳ ಪಾಲು ಕೆಲಸಕ್ಕೆ ತಕ್ಕಂತೆ. ನರತಂತುವಿಗೆ ಸುತ್ತಿದ ಮೈಲಿನ್ ಹೊದಿಕೆಯ ಕೆಲಸ ವಿದ್ಯುತ್ ತಂತಿಯ ರಬ್ಬರಿನಂತೆ ನಿರೋಧಿಸುವುದು; ಅದರ ತೂಕದಲ್ಲಿ ಪ್ರೋಟೀನ್ ಸುಮಾರು ಶೇಕಡಾ 20. ಮೈಟೋಕಾಂಡ್ರಿಯದ ಒಳಪೊರೆಯಲ್ಲಿ ಶಕ್ತಿ ಉತ್ಪಾದನೆಯ ಯಂತ್ರಗಳೇ ತುಂಬಿವೆ. ಅಲ್ಲಿ ಪ್ರೋಟೀನ್ ಶೇಕಡಾ 75. ಕೆಂಪು ರಕ್ತಕಣದಲ್ಲಿ ಹೆಚ್ಚುಕಡಿಮೆ ಅರ್ಧ.

ಪೊರೆಯನ್ನು ಅಡ್ಡಹಾಯುವ ಪ್ರೋಟೀನು ಎಣ್ಣೆಯ ನಡುಪದರವನ್ನು ದಾಟಬೇಕು. ಆ ಪದರ ಸುಮಾರು 3 ನ್ಯಾನೊಮೀಟರ್. ಸುರುಳಿಯಾಕಾರದಲ್ಲಿ ಒಂದು ಅಮೈನೊ ಆಮ್ಲ 0.15 ನ್ಯಾನೊಮೀಟರ್ ಮೇಲೇರಿಸುತ್ತದೆ. ಭಾಗಿಸಿದರೆ 20: ನೀರನ್ನು ಒಲ್ಲದ ಇಪ್ಪತ್ತು ಅಮೈನೊ ಆಮ್ಲಗಳ ಸಾಲು ಕಂಡಲ್ಲಿ ಪೊರೆ ದಾಟುವ ಸುರುಳಿಯಿದೆ ಎಂದು ಜೀನಿನ ಅಕ್ಷರ ಓದಿಯೇ ಊಹಿಸಬಹುದು. ಬ್ಯಾಕ್ಟೀರಿಯ ಮತ್ತು ಮೈಟೋಕಾಂಡ್ರಿಯದ ಹೊರಪೊರೆಗಳಲ್ಲಿ ಸುರುಳಿಯ ಬದಲು ಪೀಪಾಯಿಯಂತೆ ಮಡಿಸಿದ ಪ್ರೋಟೀನುಗಳೂ ಇವೆ. ಇನ್ನು ಕೆಲವು ದಾಟುವುದೇ ಇಲ್ಲ; ಒಂದು ಮಗ್ಗುಲಿಗೆ ಅಂಟಿರುತ್ತವೆ, ಅಥವಾ ಲಿಪಿಡ್ಡಿನ ಬಾಲವೊಂದನ್ನು ಲಂಗರಿನಂತೆ ಪದರಕ್ಕೆ ಇಳಿಬಿಟ್ಟು ತೂಗಾಡುತ್ತವೆ. ಹೊರಪದರದಲ್ಲಿ ಹೀಗೆ ತೂಗುವ ಜಿಪಿಐ ಲಂಗರಿನ ಪ್ರೋಟೀನುಗಳ ಮಾತು ಮುಂದೆ ಬರುತ್ತದೆ.

ಈ ಪ್ರೋಟೀನುಗಳ ಆಕಾರ ತಿಳಿಯುವುದು ದಶಕಗಳ ಕಾಲ ತಲೆನೋವಾಗಿತ್ತು. ಪೊರೆಯಿಂದ ಹೊರತೆಗೆದರೆ ಕೆಡುತ್ತವೆ, ಹರಳು ಕಟ್ಟುವುದಿಲ್ಲ. ಹೆಂಡರ್ಸನ್ ಮತ್ತು ಅನ್‌ವಿನ್ 1975ರಲ್ಲಿ ಬ್ಯಾಕ್ಟೀರಿಯೊರೊಡಾಪ್ಸಿನ್ನಿನ ಏಳು ಸುರುಳಿಗಳನ್ನು ತೋರಿಸಿದರು. 1985ರಲ್ಲಿ ಡೈಸೆನ್‌ಹೋಫರ್, ಮಿಷೆಲ್, ಹ್ಯೂಬರ್ ತಂಡ ಪೊರೆಯ ಪ್ರೋಟೀನಿನ ಮೊದಲ ಪರಮಾಣು ಮಟ್ಟದ ರಚನೆ ಪ್ರಕಟಿಸಿತು. ಮೂರು ವರ್ಷಕ್ಕೆ ನೊಬೆಲ್ ಬಂತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿ. ಬಲರಾಂ ಬೇರೆ ದಾರಿ ಹಿಡಿದರು. ಶಿಲೀಂಧ್ರಗಳು ಎದುರಾಳಿಯ ಪೊರೆ ಕೊರೆಯಲು ಬಳಸುವ ಪುಟ್ಟ ಪೆಪ್ಟೈಡುಗಳನ್ನು ಅವರು ಇಸಾಬೆಲ್ಲಾ ಕಾರ್ಲೆ ಜೊತೆ ಅಧ್ಯಯನ ಮಾಡಿದರು. ಅವುಗಳಲ್ಲೊಂದಾದ ಜೆರ್ವಾಮೈಸಿನ್ನಿನ ಹರಳಿನ ರಚನೆ 1991ರಲ್ಲಿ ಪ್ರಕಟವಾಯಿತು. ಬಾಗಿದ ಸುರುಳಿಗಳು ಒತ್ತಾಗಿ ನಿಂತು ನಡುವೆ ಅಯಾನು ಹಾಯುವ ಸಂದಿ ಬಿಡುವ ಬಗೆ ಅದರಲ್ಲಿ ಕಾಣುತ್ತದೆ.

ಸಾಗಣೆ

ಬರಿಯ ಲಿಪಿಡ್ ಪದರವನ್ನು ಆಮ್ಲಜನಕ, ಇಂಗಾಲದ ಡೈ ಆಕ್ಸೈಡ್ ಸಲೀಸಾಗಿ ದಾಟುತ್ತವೆ, ನೀರು ನಿಧಾನವಾಗಿ, ಸಕ್ಕರೆ ತೀರಾ ಕಷ್ಟದಿಂದ, ಸೋಡಿಯಂ, ಪೊಟ್ಯಾಸಿಯಂ ಅಯಾನುಗಳು ದಾಟುವುದೇ ಇಲ್ಲ ಎನ್ನಬಹುದು. ಅದಕ್ಕಾಗಿ ಪ್ರೋಟೀನಿನ ದಾರಿಗಳು. ನೀರಿನ ದಾರಿಯಾದ ಅಕ್ವಾಪೋರಿನ್ ಎಂಬ ನಾಳವನ್ನು ಪೀಟರ್ ಆಗ್ರೆ 1992ರಲ್ಲಿ ಗುರುತಿಸಿದ. ಸೆಕೆಂಡಿಗೆ ಸುಮಾರು 300 ಕೋಟಿ ನೀರಿನ ಅಣುಗಳು ಒಂದೇ ಸಾಲಿನಲ್ಲಿ ಹೋಗುತ್ತವೆ, ಒಂದು ಪ್ರೋಟಾನೂ ನುಸುಳದು. ಪೊಟ್ಯಾಸಿಯಂ ನಾಳದ ರಚನೆಯನ್ನು 1998ರಲ್ಲಿ ತೋರಿಸಿದ ರಾಡರಿಕ್ ಮ್ಯಾಕಿನನ್ ಜೊತೆ ಆಗ್ರೆಗೆ 2003ರ ನೊಬೆಲ್ ಸಂದಿತು.

ನಾಳ ಇಳಿಜಾರಿಗೆ ಹರಿಸುತ್ತದೆ. ಏರಿಗೆ ಎತ್ತಲು ಪಂಪು ಬೇಕು. ಘಟಪ್ರಭೆಯ ಕಾಲುವೆ ಮತ್ತು ದಂಡೆಯ ಮೋಟಾರು, ಎರಡನ್ನೂ ಕಂಡವರಿಗೆ ಈ ವ್ಯತ್ಯಾಸ ವಿವರಿಸಬೇಕಿಲ್ಲ. ಯೆನ್ಸ್ ಸ್ಕೋ 1957ರಲ್ಲಿ ಕಂಡುಹಿಡಿದ ಸೋಡಿಯಂ-ಪೊಟ್ಯಾಸಿಯಂ ಪಂಪು ಕೋಶದ ಶಕ್ತಿನಾಣ್ಯವಾದ ಎಟಿಪಿಯ ಒಂದು ಅಣುವಿನ ಖರ್ಚಿಗೆ ಮೂರು ಸೋಡಿಯಂ ಹೊರಹಾಕಿ ಎರಡು ಪೊಟ್ಯಾಸಿಯಂ ಒಳತರುತ್ತದೆ. ವಿಶ್ರಾಂತಿಯಲ್ಲಿರುವ ದೇಹದ ಶಕ್ತಿಯಲ್ಲಿ ಐದನೆಯ ಒಂದು ಭಾಗಕ್ಕೂ ಹೆಚ್ಚು ಇದಕ್ಕೇ ಹೋಗುತ್ತದೆ. ಹಿತ್ತಲ ಕಣಗಿಲೆ ಗಿಡದ ವಿಷ ಹೃದಯವನ್ನು ನಿಲ್ಲಿಸುವುದು ಈ ಪಂಪನ್ನು ತಡೆದು. ಪಂಪಿನಿಂದಾದ ಅಸಮತೋಲ ಮತ್ತು ನಾಳಗಳ ಸೋರಿಕೆ ಕೂಡಿ ನರಕೋಶದ ಪೊರೆಯಲ್ಲಿ ಸುಮಾರು 70 ಮಿಲಿವೋಲ್ಟ್ ಉಂಟಾಗುತ್ತದೆ. ಕೇಳಲು ಅಲ್ಪ. ಪೊರೆಯ ತೆಳುವಿಗೆ ಲೆಕ್ಕ ಹಾಕಿದರೆ ಮೀಟರಿಗೆ ಸುಮಾರು ಒಂದು ಕೋಟಿ ವೋಲ್ಟ್. ಗಾಳಿಯಲ್ಲಿ ಕಿಡಿ ಹಾರಲು 30 ಲಕ್ಷ ಸಾಕು.

ಗಿಡಗಳಲ್ಲಿ ಈ ಪಂಪಿಲ್ಲ. ಅವು ಪ್ರೋಟಾನನ್ನು ಹೊರದೂಡಿ, ಅದು ಮರಳುವ ಒತ್ತಡದಿಂದ ಉಳಿದ ಕೆಲಸ ಮಾಡಿಸಿಕೊಳ್ಳುತ್ತವೆ. ಅತಿ ನೀರು ಹಾಯಿಸಿ ಸವಳು-ಜವಳಾದ ಹೊಲದಲ್ಲಿ ಬೇರಿಗೆ ಸೋಡಿಯಂ ನುಗ್ಗಿದಾಗ, ಒಂದು ಪ್ರೋಟಾನನ್ನು ಒಳಬಿಟ್ಟು ಒಂದು ಸೋಡಿಯಮ್ಮನ್ನು ಹೊರತಳ್ಳುವ ವಿನಿಮಯ ಪ್ರೋಟೀನು ಹೊರಪೊರೆಯಲ್ಲಿದೆ. ಉಳಿದ ಉಪ್ಪನ್ನು ಕೋಶದೊಳಗಿನ ರಸದಾನಿಗೆ (ವ್ಯಾಕ್ಯೂಲ್) ತುಂಬಿ ಬೀಗ ಹಾಕುವ ಇನ್ನೊಂದು ಪ್ರೋಟೀನು ಅದರ ಪೊರೆಯಲ್ಲಿದೆ. ಯಾವ ಬೆಳೆ ಸವಳು ತಾಳುತ್ತದೆ ಎಂಬುದರ ಒಂದು ಅಂಶ ಇವುಗಳ ಬಲದಲ್ಲಿದೆ. ಎಲೆಯಲ್ಲಿ ತಯಾರಾದ ಸಕ್ಕರೆ ದಂಟಿಗೆ ಇಳಿಯುವ ದಾರಿಯಲ್ಲೂ ಪೊರೆಯ ಪ್ರೋಟೀನುಗಳು ಸಾಲಾಗಿ ನಿಂತಿವೆ. 2010ರಲ್ಲಿ ಗುರುತಿಸಿದ ಒಂದು ಕುಟುಂಬಕ್ಕೆ ‘ಸ್ವೀಟ್’ ಎಂದೇ ಹೆಸರು. ಕಬ್ಬಿನ ಕೋಶಗಳು ಸಕ್ಕರೆಯನ್ನು ಕೂಡಿಡುವುದು ಪೊರೆ ಸುತ್ತಿದ ರಸದಾನಿಯಲ್ಲಿ; ಗಾಣಕ್ಕೆ ಕೊಟ್ಟಾಗ ಆ ಪೊರೆ ಒಡೆದು ಕಬ್ಬಿನ ಹಾಲು ಹರಿಯುತ್ತದೆ.

ಸುದ್ದಿ ಮುಟ್ಟಿಸುವ ಗ್ರಾಹಕ ಪ್ರೋಟೀನುಗಳು ಮತ್ತೊಂದು ದೊಡ್ಡ ವರ್ಗ. ಇನ್ಸುಲಿನ್, ಅಡ್ರಿನಲಿನ್, ವಾಸನೆ, ಬೆಳಕು ಇವೆಲ್ಲಕ್ಕೂ ಪೊರೆಯ ಮೇಲೆ ಗ್ರಾಹಕಗಳಿವೆ. ಬಳಕೆಯಲ್ಲಿರುವ ಔಷಧಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ನಾಟುವುದು ಪೊರೆಯ ಪ್ರೋಟೀನುಗಳಿಗೇ.

ಬೆಂಗಳೂರಿನ ಶೋಧ

ಸಿಂಗರ್-ನಿಕೋಲ್ಸನ್ ಚಿತ್ರದಲ್ಲಿ ಲಿಪಿಡ್ ಒಂದು ಕೆರೆ, ಪ್ರೋಟೀನುಗಳು ಅದರ ಮೇಲೆ ದಿಕ್ಕಿಲ್ಲದೆ ತೇಲುವ ತೆಪ್ಪ. 1997ರಲ್ಲಿ ಸೈಮನ್ಸ್ ಮತ್ತು ಇಕೊನೆನ್ ಈ ಕೆರೆ ಎಲ್ಲ ಕಡೆ ಒಂದೇ ತೆರನಲ್ಲ ಎಂದರು: ಕೊಲೆಸ್ಟರಾಲ್, ಸ್ಫಿಂಗೋಲಿಪಿಡ್ ಒಟ್ಟುಗೂಡಿದ ‘ರಾಫ್ಟ್’ ಎಂಬ ತುಸು ಬಿಗಿಯಾದ ತಾಣಗಳಿದ್ದು ಕೆಲವು ಪ್ರೋಟೀನುಗಳು ಅಲ್ಲೇ ನೆರೆಯುತ್ತವೆ. ತೊಂದರೆಯೆಂದರೆ ಜೀವಂತ ಕೋಶದಲ್ಲಿ ಅವನ್ನು ಯಾರೂ ಕಂಡಿರಲಿಲ್ಲ. ಸಾಮಾನ್ಯ ಸೂಕ್ಷ್ಮದರ್ಶಕ 200 ನ್ಯಾನೊಮೀಟರಿಗಿಂತ ಸಣ್ಣದನ್ನು ಬಿಡಿಸಿ ತೋರಿಸದು.

ಜಿಕೆವಿಕೆ ಆವರಣದ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಅಂದರೆ ಎನ್‌ಸಿಬಿಎಸ್‌ನಲ್ಲಿ ಸತ್ಯಜಿತ್ ಮೇಯರ್ ಈ ಪ್ರಶ್ನೆಗೆ ಕೈಹಾಕಿದರು. ಅವರ ಉಪಾಯ ಜಾಣತನದ್ದು. ಪ್ರೋಟೀನಿಗೆ ಹೊಳೆಯುವ ಗುರುತು ಹಚ್ಚಿ ಒಂದೇ ದಿಕ್ಕಿಗೆ ಕಂಪಿಸುವ ಬೆಳಕು ಬಿಟ್ಟರೆ, ಒಂಟಿ ಅಣು ಹೊರಸೂಸುವ ಬೆಳಕೂ ಬಹುಪಾಲು ಅದೇ ದಿಕ್ಕು ಉಳಿಸಿಕೊಳ್ಳುತ್ತದೆ. ಕೆಲವೇ ನ್ಯಾನೊಮೀಟರ್ ಹತ್ತಿರ ಇನ್ನೊಂದು ಅಂಥದೇ ಅಣುವಿದ್ದರೆ ಶಕ್ತಿ ಅದಕ್ಕೆ ಜಿಗಿದು ದಿಕ್ಕು ಕೆಡುತ್ತದೆ. ಅಣುಗಳನ್ನು ಕಾಣಬೇಕಿಲ್ಲ, ದಿಕ್ಕು ಎಷ್ಟು ಕೆಟ್ಟಿತೆಂದು ಅಳೆದರೆ ನೆರೆಹೊರೆ ತಿಳಿಯುತ್ತದೆ. 1998ರಲ್ಲಿ ರಜತ್ ವರ್ಮ ಜೊತೆ ‘ನೇಚರ್’ನಲ್ಲಿ ಪ್ರಕಟಿಸಿದ ಪ್ರಬಂಧ, ಜಿಪಿಐ ಲಂಗರಿನ ಪ್ರೋಟೀನುಗಳು ಜೀವಂತ ಕೋಶದ ಮೇಲೆ ಸಣ್ಣ ತಾಣಗಳಲ್ಲಿ ಕೂಡಿರುತ್ತವೆ ಎಂದು ತೋರಿಸಿತು. 2004ರ ‘ಸೆಲ್’ ಪ್ರಬಂಧ ಗಾತ್ರವನ್ನೂ ಹೇಳಿತು: ಒಂದು ಗುಂಪಿನಲ್ಲಿ ಹೆಚ್ಚೆಂದರೆ ನಾಲ್ಕು ಅಣು; ಒಟ್ಟು ಪ್ರೋಟೀನಿನಲ್ಲಿ ಶೇಕಡಾ 20ರಿಂದ 40 ಗುಂಪಿನಲ್ಲಿ, ಉಳಿದವು ಒಂಟಿ. ಕೊಲೆಸ್ಟರಾಲ್ ತೆಗೆದರೆ ಗುಂಪು ಚದುರುತ್ತದೆ.

ವಿಚಿತ್ರವೆಂದರೆ ಈ ಅನುಪಾತ ರಸಾಯನಶಾಸ್ತ್ರದ ನಿಯಮಕ್ಕೆ ಒಗ್ಗಲಿಲ್ಲ. ತಾವಾಗಿ ಕೂಡುವ ಅಣುಗಳಾದರೆ ಸಾಂದ್ರತೆ ಹೆಚ್ಚಿದಂತೆ ಗುಂಪಿನವುಗಳ ಪಾಲೂ ಹೆಚ್ಚಬೇಕು. ಇಲ್ಲಿ ಹೆಚ್ಚಲಿಲ್ಲ. ಅಂದರೆ ಯಾವುದೋ ಕೈ ಅವನ್ನು ಕೂಡಿಸುತ್ತಿದೆ, ಬಿಡಿಸುತ್ತಿದೆ. ರಾಮನ್ ಸಂಶೋಧನಾ ಸಂಸ್ಥೆಯ ಭೌತವಿಜ್ಞಾನಿ ಮದನ್ ರಾವ್ ಜೊತೆ ಸೇರಿ ಹುಡುಕಿದಾಗ ಸಿಕ್ಕ ಕೈ ಪೊರೆಯ ಕೆಳಗಿನ ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳದ್ದು. ಮಯೋಸಿನ್ ಎಂಬ ಚಾಲಕ ಪ್ರೋಟೀನು ಎಟಿಪಿ ಸುಟ್ಟು ಗಿಡ್ಡ ಆಕ್ಟಿನ್ ಎಳೆಗಳನ್ನು ನಕ್ಷತ್ರದಂತೆ ಒಂದು ಬಿಂದುವಿಗೆ ಎಳೆಯುತ್ತದೆ; ಅವುಗಳಿಗೆ ಅಂಟಿದ ಅಣುಗಳೂ ಒಟ್ಟಾಗುತ್ತವೆ; ನಕ್ಷತ್ರ ಕರಗಿದಾಗ ಚದುರುತ್ತವೆ. ಈ ಸಿದ್ಧಾಂತ 2012ರಲ್ಲಿ ‘ಸೆಲ್’ನಲ್ಲಿ ಬಂತು. ಅದೇ ವರ್ಷದ ಇನ್ಫೋಸಿಸ್ ಪ್ರಶಸ್ತಿ ಮೇಯರ್ ಅವರದ್ದಾಯಿತು.

ಒಂದು ಗಂಟು ಉಳಿದಿತ್ತು. ಆಕ್ಟಿನ್ ಇರುವುದು ಕೋಶದ ಒಳಗೆ. ಜಿಪಿಐ ಲಂಗರು ಹೊರಪದರದ ಅರ್ಧಕ್ಕೇ ನಿಲ್ಲುತ್ತದೆ. ನಡುವಿನ ಎಣ್ಣೆಯನ್ನು ದಾಟಿ ಕೈ ಚಾಚಿದ್ದು ಯಾರು? 2015ರಲ್ಲಿ ಸಿಕ್ಕ ಉತ್ತರ ಲಿಪಿಡ್ಡೇ. ಒಳಪದರದ ಫಾಸ್ಫಾಟಿಡೈಲ್ ಸೆರಿನ್‌ಗೆ ಉದ್ದನೆಯ, ಬಾಗಿಲ್ಲದ ಬಾಲವಿದ್ದರೆ ಅದು ಹೊರಪದರದ ಲಂಗರಿನ ಉದ್ದ ಬಾಲದ ತುದಿಯನ್ನು ಮುಟ್ಟುತ್ತದೆ. ಕೊಲೆಸ್ಟರಾಲ್ ಆ ಸ್ಪರ್ಶವನ್ನು ಭದ್ರಪಡಿಸುತ್ತದೆ. ಸೆರಿನ್ ತಲೆಯನ್ನು ಒಳಗಿನ ಆಕ್ಟಿನ್ ಹಿಡಿದೆಳೆದರೆ ಹೊರಗಿನ ಪ್ರೋಟೀನು ಕದಲುತ್ತದೆ. ನೆಲವೆಂದು ಬಗೆದಿದ್ದ ಲಿಪಿಡ್ ಇಲ್ಲಿ ಹಗ್ಗವಾಗಿದೆ. ಪೊರೆಯ ಬಗ್ಗೆ ನಮ್ಮ ನೆಲದಿಂದ ಹೊರಟ ವಿಚಾರಗಳಲ್ಲಿ ಇದಕ್ಕಿಂತ ತೂಕದ್ದು ಇನ್ನೊಂದಿಲ್ಲ ಎಂದು ಹೇಳಲು ಹಿಂಜರಿಯಬೇಕಿಲ್ಲ. ಎನ್‌ಸಿಬಿಎಸ್‌ನಲ್ಲೇ ಪಡಿಂಜಾಟ್ ರಘು ಹಣ್ಣುನೊಣದ ಕಣ್ಣಿನಲ್ಲಿ ಫಾಸ್ಫೊಇನೊಸಿಟೈಡ್ ಎಂಬ ಅಲ್ಪಪ್ರಮಾಣದ ಲಿಪಿಡ್ಡನ್ನು ಅಭ್ಯಸಿಸಿದ್ದಾರೆ. ಬೆಳಕು ಬಿದ್ದಾಗ ಕಿಣ್ವ ಅದನ್ನು ಕತ್ತರಿಸುತ್ತದೆ, ಅದರಿಂದ ಅಯಾನು ನಾಳ ತೆರೆಯುತ್ತದೆ. ಅಲ್ಲಿ ಲಿಪಿಡ್ಡೇ ಸುದ್ದಿ.

ಪೊರೆಗೆ ಬೀಳುವ ಪೆಟ್ಟು

ಪೊರೆ ಒಡೆದರೆ ಕೋಶ ಸಾಯುತ್ತದೆ. ಆದ್ದರಿಂದ ಹಲವು ವಿಷಗಳ ಗುರಿ ಅದೇ. ಕಬ್ಬಿನ ಗದ್ದೆಯ ಕೊಳಕುಮಂಡಲ ಮತ್ತು ನಾಗರಹಾವಿನ ವಿಷಗಳಲ್ಲಿ ಫಾಸ್ಫೋಲಿಪೇಸ್ ಎ2 ಎಂಬ ಕಿಣ್ವವಿದೆ. ಮೈಸೂರು ವಿಶ್ವವಿದ್ಯಾಲಯದ ಜೀವರಸಾಯನ ವಿಭಾಗ ಇದರ ಮೇಲೆ ದೀರ್ಘಕಾಲ ಕೆಲಸ ಮಾಡಿದೆ. ಈ ಕಿಣ್ವ ಫಾಸ್ಫೋಲಿಪಿಡ್ಡಿನ ಎರಡು ಬಾಲಗಳಲ್ಲಿ ಒಂದನ್ನು ಕತ್ತರಿಸುತ್ತದೆ. ಒಂಟಿಬಾಲದ ಅಣು ಸಾಬೂನಿನಂತೆ ವರ್ತಿಸಿ ಪೊರೆಯನ್ನು ಕರಗಿಸುತ್ತದೆ. ನಾಗರನ ಇನ್ನೊಂದು ವಿಷ ಲಿಪಿಡ್ಡನ್ನು ಮುಟ್ಟುವುದೇ ಇಲ್ಲ. ಸ್ನಾಯುವಿನ ಅಸಿಟೈಲ್‌ಕೋಲಿನ್ ಗ್ರಾಹಕಕ್ಕೆ ಅಂಟಿ ಉಸಿರಾಟದ ಸ್ನಾಯುಗಳನ್ನು ಸುಮ್ಮನಾಗಿಸುತ್ತದೆ. ಅಂಟುವಾಳದ ನೊರೆಯಲ್ಲಿರುವ ಸಪೋನಿನ್ ಕೊಲೆಸ್ಟರಾಲ್‌ಗೆ ಅಂಟಿಕೊಂಡು ರಕ್ತಕಣದಲ್ಲಿ ತೂತು ಮಾಡಬಲ್ಲದು. ತಲೆಗೆ ಹಚ್ಚಿಕೊಳ್ಳಬಹುದು, ರಕ್ತಕ್ಕೆ ಸೇರಬಾರದು.

ಭಾರತದಲ್ಲಿ 2002ರಲ್ಲಿ ಒಪ್ಪಿಗೆ ಪಡೆದ ಬಿಟಿ ಹತ್ತಿಯ ಗುಟ್ಟೂ ಪೊರೆಯಲ್ಲಿದೆ. ಗಿಡ ತಯಾರಿಸುವ ಕ್ರೈ ಪ್ರೋಟೀನು ಹುಳುವಿನ ಕರುಳಿನ ಕ್ಷಾರದಲ್ಲಿ ಕರಗಿ, ಕರುಳಕೋಶದ ಕ್ಯಾಡೆರಿನ್ ಮೊದಲಾದ ಪ್ರೋಟೀನುಗಳಿಗೆ ಅಂಟಿ, ಪೊರೆಯಲ್ಲಿ ತೂತು ಕೊರೆಯುತ್ತದೆ. ಕೋಶ ನೀರು ಕುಡಿದು ಒಡೆಯುತ್ತದೆ. ಗುಲಾಬಿ ಕಾಯಿಕೊರಕ ಇದಕ್ಕೆ ಮಣಿಯದಿರುವುದು ಏಕೆಂದು ಭಾರತದ ಹೊಲಗಳ ಹುಳುಗಳನ್ನು ಪರೀಕ್ಷಿಸಿದಾಗ, ಕ್ಯಾಡೆರಿನ್ ಜೀನೇ ಹಲವು ಬಗೆಯಲ್ಲಿ ಕೆಟ್ಟಿರುವುದು 2014ರಲ್ಲಿ ಪ್ರಕಟವಾಯಿತು. ಬೀಗವನ್ನೇ ಬದಲಿಸಿದ ಹುಳುವಿಗೆ ಹಳೆಯ ಕೀಲಿ ಹತ್ತಲಿಲ್ಲ.

ಸಕ್ಕರೆ, ಉಪ್ಪು, ನೀರು

ಲಿಪಿಡ್ ಮತ್ತು ಪ್ರೋಟೀನು ಎರಡೂ ಒಂದೇ ರೋಗದಲ್ಲಿ ಕಾಣಿಸಿಕೊಳ್ಳುವುದು ಕಾಲರಾದಲ್ಲಿ. ಅದರ ವಿಷವನ್ನು 1959ರಲ್ಲಿ ಕಲ್ಕತ್ತೆಯ ಶಂಭುನಾಥ ಡೇ ತೋರಿಸಿಕೊಟ್ಟರು. ವಿಷ ಕರುಳಕೋಶದ ಜಿಎಂ1 ಎಂಬ ಸಕ್ಕರೆತಲೆಯ ಲಿಪಿಡ್ಡಿಗೆ ಅಂಟಿ ಒಳಸೇರುತ್ತದೆ, ಕ್ಲೋರೈಡ್ ನಾಳವನ್ನು ತೆರೆದೇ ಇಡುತ್ತದೆ. ಕ್ಲೋರೈಡಿನ ಹಿಂದೆ ಸೋಡಿಯಂ, ಅದರ ಹಿಂದೆ ನೀರು ಹೊರಹರಿಯುತ್ತದೆ. ಆದರೆ ಅದೇ ಪೊರೆಯ ಇನ್ನೊಂದು ಪ್ರೋಟೀನು ಕೆಡದೆ ಉಳಿದಿರುತ್ತದೆ: ಒಂದು ಗ್ಲೂಕೋಸ್ ಜೊತೆ ಎರಡು ಸೋಡಿಯಂ ಅಯಾನುಗಳನ್ನು ಒಳಕ್ಕೆ ಎಳೆಯುವ ಸಹಸಾಗಣೆ ಪ್ರೋಟೀನು. ಇಂಥದೊಂದು ಇರಲೇಬೇಕೆಂದು ರಾಬರ್ಟ್ ಕ್ರೇನ್ 1960ರಲ್ಲಿ ಹೇಳಿದ್ದ. ಬರಿಯ ಉಪ್ಪುನೀರು ಒಳಹೋಗದು, ಸಕ್ಕರೆ ಕೂಡಿದರೆ ಹೋಗುತ್ತದೆ, ನೀರೂ ಹಿಂಬಾಲಿಸುತ್ತದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಸಲೈನ್ ಬಾಟಲಿ ಮುಗಿದಾಗ ದಿಲೀಪ್ ಮಹಾಲನಬಿಸ್ ಡ್ರಮ್ಮುಗಳಲ್ಲಿ ಈ ದ್ರಾವಣ ಕಲಸಿ ಕುಡಿಸಿದರು. ಶೇಕಡಾ 30ರ ಆಸುಪಾಸಿನಲ್ಲಿದ್ದ ಸಾವು 3.6ಕ್ಕೆ ಇಳಿಯಿತು.

ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ಓಆರ್‌ಎಸ್ ಪುಡಿಯಲ್ಲಿ ಲೀಟರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಅಡುಗೆ ಉಪ್ಪು, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟ್ ಇರುತ್ತದೆ. ಮನೆಯ ಸಕ್ಕರೆ ಗ್ಲೂಕೋಸ್ ಅಲ್ಲವಾದರೂ ಕರುಳಪೊರೆಯ ಮೇಲಿನ ಸುಕ್ರೇಸ್ ಎಂಬ ಕಿಣ್ವ ಅದನ್ನು ಅಲ್ಲೇ ಗ್ಲೂಕೋಸ್, ಫ್ರಕ್ಟೋಸ್ ಎಂದು ಒಡೆದುಕೊಡುತ್ತದೆ. ಪುಡಿ ಸಿಗದಾಗ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಮಟ್ಟಸವಾದ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಹಾಕಿ ಕರಗಿಸಬೇಕು. ಉಪ್ಪು ಇದಕ್ಕಿಂತ ಹೆಚ್ಚಾಗಕೂಡದು.